ಜಿಗಿಯಬೇಕೇ, ಕಾಯಬೇಕೇ: ಮೂರು ಹಳೆಯ ಜಪಾನಿ ಆಟಗಳನ್ನು ಮತ್ತೆ ಆಡಿದಾಗ

ತೇಲುವ ಖಂಡ ಕುಸಿಯುತ್ತಿದೆ. ಪರದೆಯ ಮೇಲೆ ಆರು ನಿಮಿಷಗಳ ಗಡಿಯಾರ ಸೊನ್ನೆಯ ಕಡೆಗೆ ಇಳಿಯುತ್ತಿದೆ. ಅಂಚಿಗೆ ಓಡಿ ಬಂದರೆ ಕೆಳಗೆ ಹಾರುವ ಹಡಗು ನಿಂತಿದೆ. ಆಟ ಕೇಳುತ್ತದೆ: ಜಿಗಿಯುವುದೇ, ಕಾಯುವುದೇ? ಫೈನಲ್ ಫ್ಯಾಂಟಸಿ 6 ಅನ್ನು ಮೊದಲ ಸಲ ಆಡಿದಾಗ ನಾನು ಜಿಗಿದುಬಿಟ್ಟೆ. ನಮ್ಮನ್ನು ಉಳಿಸಲು ಹಿಂದೆ ನಿಂತ ಶ್ಯಾಡೋ ಎಂಬ ಮುಸುಕುಧಾರಿ ಅಲ್ಲಿಯೇ ಸತ್ತ. ಗಡಿಯಾರದಲ್ಲಿ ಕೊನೆಯ ಐದು ಸೆಕೆಂಡು ಉಳಿಯುವವರೆಗೆ ಕಾದಿದ್ದರೆ ಅವನು ಓಡಿ ಬಂದು ನಮ್ಮನ್ನು ಸೇರಿಕೊಳ್ಳುತ್ತಿದ್ದ ಎಂದು ನನಗೆ ತಿಳಿದದ್ದು ಆಟ ಮುಗಿದ ಎಷ್ಟೋ ದಿನಗಳ ಮೇಲೆ. ಎಷ್ಟು ಹೊತ್ತು ಕಾಯಬೇಕೆಂದು ಆಟ ಹೇಳುವುದಿಲ್ಲ. ಆ ಸಿಟ್ಟು ನನ್ನಲ್ಲಿ ವರ್ಷಗಟ್ಟಲೆ ಉಳಿದಿತ್ತು.

ಕಳೆದ ವರ್ಷ ಅದನ್ನು ಮತ್ತೆ ಆಡಿದೆ. ಈ ಸಲ ಕಾದೆ. ಅದರ ಜೊತೆಗೇ ಕ್ರೋನೋ ಟ್ರಿಗರ್ ಮತ್ತು ಡ್ರ್ಯಾಗನ್ ಕ್ವೆಸ್ಟ್ 5 ಆಟಗಳನ್ನೂ ಮೊದಲಿನಿಂದ ಕೊನೆಯವರೆಗೆ ಆಡಿ ಮುಗಿಸಿದೆ. ಮೂರೂ ಹುಟ್ಟಿದ್ದು ನಿಂಟೆಂಡೊ ಕಂಪನಿಯ ಸೂಪರ್ ಫ್ಯಾಮಿಕಾಮ್ ಎಂಬ ಟಿವಿ ಗೇಮ್ ಯಂತ್ರಕ್ಕಾಗಿ: ಡ್ರ್ಯಾಗನ್ ಕ್ವೆಸ್ಟ್ 1992ರಲ್ಲಿ, ಫೈನಲ್ ಫ್ಯಾಂಟಸಿ 1994ರಲ್ಲಿ, ಕ್ರೋನೋ 1995ರಲ್ಲಿ. ಒಂದು ಪಾತ್ರವಾಗಿ ಉದ್ದನೆಯ ಕಥೆಯೊಳಗೆ ನಡೆಯುವ ಈ ಬಗೆಯ ಆಟಗಳನ್ನು (ರೋಲ್ ಪ್ಲೇಯಿಂಗ್ ಗೇಮ್) ಪ್ರೀತಿಸುವವರ ನಡುವೆ ಯಾವುದು ಮೇಲು ಎಂಬ ವಾದ ಇಂದಿಗೂ ಮುಗಿದಿಲ್ಲ. ನಾನು ಹುಡುಗನಾಗಿದ್ದಾಗ ನಮ್ಮ ಮನೆಯಲ್ಲಿದ್ದ ಟಿವಿ ಗೇಮ್ ಪೆಟ್ಟಿಗೆಯಲ್ಲಿ ಮಾರಿಯೋ ಮತ್ತು ಕಾಂಟ್ರಾ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಇಂದು ನಿಲ್ಲಿಸಿ ನಾಳೆ ಮುಂದುವರಿಸುವ ಆಟ ಎಂಬುದೊಂದು ಇದೆಯೆಂದೇ ಗೊತ್ತಿರಲಿಲ್ಲ. ಈ ಮೂರೂ ನನಗೆ ಸಿಕ್ಕಿದ್ದು ಇಪ್ಪತ್ತು ದಾಟಿದ ಮೇಲೆ. ಹಾಗಾಗಿ ಬಾಲ್ಯದ ನೆನಪಿನ ಸಿಹಿಯಿಂದ ಇವನ್ನು ಮೆಚ್ಚುತ್ತಿದ್ದೇನೆ ಎಂದು ಯಾರೂ ಹೇಳುವಂತಿಲ್ಲ.

ಆಡಿದ್ದು ಮೂಲ ಯಂತ್ರದಲ್ಲಿ ಅಲ್ಲ. ಫೈನಲ್ ಫ್ಯಾಂಟಸಿಯ 2022ರ ನವೀಕರಿಸಿದ ಆವೃತ್ತಿಯಾದ ಪಿಕ್ಸೆಲ್ ರೀಮಾಸ್ಟರ್ ಮತ್ತು ಕ್ರೋನೋ ಟ್ರಿಗರ್ ಎರಡನ್ನೂ ಮನೆಯ ಕಂಪ್ಯೂಟರಿನಲ್ಲಿ ಆಡಿದೆ. ಡ್ರ್ಯಾಗನ್ ಕ್ವೆಸ್ಟನ್ನು ಮೊಬೈಲಿನಲ್ಲಿ. ಕಥೆಯ ತಿರುವುಗಳನ್ನು ಕೆಳಗೆ ಮರೆಮಾಚಿಲ್ಲ. ಅವುಗಳನ್ನು ಮುಟ್ಟದೆ ನನ್ನ ಮಾತನ್ನು ಹೇಳಲಾಗದು.

ಈ ಆಟಗಳ ವಿರುದ್ಧ ಎಲ್ಲರೂ ಮೊದಲು ಹೇಳುವ ದೂರು ದಿಢೀರ್ ಕಾಳಗಗಳದ್ದು. ಗುಹೆಯಲ್ಲಿ ಹತ್ತು ಹೆಜ್ಜೆ ಇಡುತ್ತೀರಿ, ಪರದೆ ಮಿಂಚುತ್ತದೆ, ಕಣ್ಣಿಗೆ ಕಾಣದಿದ್ದ ರಾಕ್ಷಸರು ಎದುರಿಗೆ ನಿಲ್ಲುತ್ತಾರೆ. ಹೊಡೆದು ಮುಗಿಸುವಷ್ಟರಲ್ಲಿ ಯಾವ ದಿಕ್ಕಿಗೆ ಹೊರಟಿದ್ದೆವು ಎಂಬುದೇ ಮರೆತಿರುತ್ತದೆ. ಮತ್ತೆ ಹತ್ತು ಹೆಜ್ಜೆ, ಮತ್ತೆ ಅದೇ. ಡ್ರ್ಯಾಗನ್ ಕ್ವೆಸ್ಟ್ ಈ ವಿಷಯದಲ್ಲಿ ಮೂರರಲ್ಲಿ ಅತ್ಯಂತ ಹಟಮಾರಿ. ಸೋತರೆ ಕೈಯಲ್ಲಿದ್ದ ಚಿನ್ನದಲ್ಲಿ ಅರ್ಧ ಹೋಗುತ್ತದೆ. ಆಟವನ್ನು ಸರಿಯಾಗಿ ಸೇವ್ ಮಾಡಲು ಊರಿನ ಚರ್ಚಿಗೆ ಹೋಗಿ ಪಾದ್ರಿಯ ಮುಂದೆ ನಿಲ್ಲಬೇಕು. ಫೈನಲ್ ಫ್ಯಾಂಟಸಿಯೂ ಮೂಲದಲ್ಲಿ ಇದೇ ಜಾತಿಯದು. ಆದರೆ ಹೊಸ ಆವೃತ್ತಿಯಲ್ಲಿ ಈ ಕಾಳಗಗಳನ್ನು ಒಂದು ಗುಂಡಿ ಒತ್ತಿ ನಿಲ್ಲಿಸಬಹುದು, ಅನುಭವದ ಅಂಕಗಳನ್ನು ನಾಲ್ಕು ಪಟ್ಟು ಮಾಡಿಕೊಳ್ಳಬಹುದು. ಒಂದು ಇಡೀ ಗೋಪುರವನ್ನು ಹಾಗೆ ಕಾಳಗ ನಿಲ್ಲಿಸಿ ಹತ್ತಿದೆ. ಮೆಟ್ಟಿಲು, ಪೆಟ್ಟಿಗೆ, ಮೆಟ್ಟಿಲು, ಪೆಟ್ಟಿಗೆ. ಖಾಲಿ ಕಟ್ಟಡದಲ್ಲಿ ಅಲೆದಾಡಿದಂತಾಯಿತು. ಅರ್ಧ ಗಂಟೆಯ ನಂತರ ಮತ್ತೆ ಶುರು ಮಾಡಿಕೊಂಡೆ. ಹಾದಿಯ ಅಪಾಯವೇ ಆ ಗೋಪುರಕ್ಕೆ ಎತ್ತರ ಕೊಟ್ಟಿತ್ತು ಎಂದು ತಿಳಿದದ್ದು ಅದು ಇಲ್ಲವಾದಾಗ.

ಕ್ರೋನೋ ಟ್ರಿಗರ್ ಈ ತೊಡಕನ್ನು 1995ರಲ್ಲಿಯೇ ಬಹುಮಟ್ಟಿಗೆ ಬಿಡಿಸಿಟ್ಟಿತ್ತು. ಶತ್ರುಗಳು ಕಾಡಿನಲ್ಲಿ ಓಡಾಡುವುದು, ಪೊದೆಯ ಹಿಂದೆ ಅಡಗುವುದು ಕಣ್ಣಿಗೆ ಕಾಣುತ್ತದೆ. ಕಾಳಗ ನಿಂತ ನೆಲದಲ್ಲಿಯೇ ನಡೆಯುತ್ತದೆ, ಬೇರೆ ಪರದೆಗೆ ಹಾರುವುದಿಲ್ಲ. ಇಬ್ಬರು ಅಥವಾ ಮೂವರು ಸೇರಿ ಒಂದೇ ಏಟು ಹಾಕುವ ಜೋಡಿವಿದ್ಯೆಗಳು ಇಂದಿಗೂ ಹೊಸದಾಗಿ ಕಾಣುತ್ತವೆ. ಫೈನಲ್ ಫ್ಯಾಂಟಸಿಯ ಹಿರೊನೊಬು ಸಕಾಗುಚಿ, ಡ್ರ್ಯಾಗನ್ ಕ್ವೆಸ್ಟ್‌ನ ಯೂಜಿ ಹೊರಿಯಿ ಮತ್ತು ಚಿತ್ರಕಾರ ಅಕಿರಾ ತೊರಿಯಾಮಾ ಕೈಜೋಡಿಸಿ ಮಾಡಿದ ಆಟ ಇದು. ಎರಡೂ ಮನೆತನಗಳ ಮಗು ಎಂದರೆ ತಪ್ಪಿಲ್ಲ. ನನಗೆ 24 ಗಂಟೆಗಳಲ್ಲಿ ಮುಗಿಯಿತು. ಉಳಿದೆರಡಕ್ಕೂ ತಲಾ 40ರ ಹತ್ತಿರ ಹಿಡಿಯಿತು.

ಹನ್ನೊಂದು ವರ್ಷದ ಮಗಳು ಪಕ್ಕದಲ್ಲಿ ಕುಳಿತು ನೋಡಿದ ಆಟವೂ ಇದೇ. ಒಂದು ಕಾಲದಿಂದ ಇನ್ನೊಂದು ಕಾಲಕ್ಕೆ ಪಯಣಿಸುವ ಕಥೆ ಇದರದು. ಆರಂಭದಲ್ಲಿ, ಕ್ರಿ.ಶ. 1000ನೆಯ ವರ್ಷದ ಜಾತ್ರೆಯಲ್ಲಿ ಮೇಜಿನ ಮೇಲೆ ಯಾರದೋ ಊಟದ ಬುತ್ತಿ ಇರುತ್ತದೆ. "ತಿನ್ನು ಅಪ್ಪಾ, ಯಾರೂ ನೋಡುತ್ತಿಲ್ಲ" ಎಂದಳು. ತಿಂದೆ. ಎಷ್ಟೋ ಹೊತ್ತಿನ ಮೇಲೆ, ರಾಜಕುಮಾರಿಯನ್ನು ಅಪಹರಿಸಿದ ಆರೋಪದ ಮೇಲೆ ಕಥಾನಾಯಕ ಕ್ರೋನೋ ಕಟಕಟೆಯಲ್ಲಿ ನಿಂತಾಗ ಆ ಬುತ್ತಿಯ ಮಾತು ಸಾಕ್ಷಿಯಾಗಿ ಬಂತು. ಬೀದಿಯಲ್ಲಿ ಡಿಕ್ಕಿ ಹೊಡೆದು ಬಿದ್ದ ಹುಡುಗಿಯನ್ನು ಮೊದಲು ವಿಚಾರಿಸಿದೆವೋ, ಅವಳ ಪದಕವನ್ನು ಮೊದಲು ಎತ್ತಿಕೊಂಡೆವೋ ಎಂಬುದೂ ಲೆಕ್ಕಕ್ಕೆ ಬಂತು. ತೀರ್ಪು ಏನೇ ಆದರೂ ಸೆರೆಮನೆ ತಪ್ಪುವುದಿಲ್ಲ, ನಿಜ. ಆದರೆ ಮಗಳು ಪರದೆಯನ್ನೇ ನೋಡುತ್ತಾ ಗಲ್ಲಕ್ಕೆ ಕೈ ಹಚ್ಚಿ ಕುಳಿತುಬಿಟ್ಟಳು. ಆಡುವವರ ಚಿಕ್ಕ ನಡತೆಯನ್ನು ಇಷ್ಟು ಹೊತ್ತು ಸುಮ್ಮನೆ ನೆನಪಿಟ್ಟುಕೊಂಡ ಆಟವನ್ನು ನಾನು ಬೇರೆ ಕಂಡಿಲ್ಲ.

ಕಿರಿಕಿರಿಗಳು ಇಲ್ಲವೆಂದಲ್ಲ. ಹಾಳುಬಿದ್ದ ಭವಿಷ್ಯದಲ್ಲಿ ಒಂದು ಇಲಿಯನ್ನು ಬೆನ್ನಟ್ಟಿ ಹಿಡಿಯಬೇಕು. ಹತ್ತು ಸಲ ಕೈತಪ್ಪಿತು. ಮೊಹರು ಮಾಡಿದ ಕಪ್ಪು ಪೆಟ್ಟಿಗೆಗಳದ್ದು ಇನ್ನೂ ದೊಡ್ಡ ಅನ್ಯಾಯ. ಒಂದೇ ಪೆಟ್ಟಿಗೆ 600ನೆಯ ವರ್ಷದಲ್ಲಿಯೂ ಇದೆ, 1000ದಲ್ಲಿಯೂ ಇದೆ. ಹಿಂದಿನ ಕಾಲದಲ್ಲಿ ತೆಗೆದರೆ ಮುಂದಿನ ಕಾಲದ್ದು ಖಾಲಿ. ಮೊದಲು ಹಿಂದಿನದನ್ನು ಮುಟ್ಟಿ ಮಾತ್ರ ಬಂದು, ಮುಂದಿನ ಕಾಲದಲ್ಲಿ ಬಲಗೊಂಡ ವಸ್ತುವನ್ನು ತೆಗೆದುಕೊಂಡು, ಆಮೇಲೆ ಹಿಂದಕ್ಕೆ ಹೋಗಿ ಅಲ್ಲಿಯದನ್ನೂ ಬಾಚಿಕೊಳ್ಳಬೇಕು. ಗೊತ್ತಿಲ್ಲದವನು ಕಳೆದುಕೊಳ್ಳುತ್ತಾನೆ. ಶ್ಯಾಡೋನನ್ನು ಕಳೆದುಕೊಂಡ ಹಾಗೆಯೇ.

ಆದರೂ ಕ್ರೋನೋ ನನ್ನ ಮೊದಲ ಆಯ್ಕೆ ಅಲ್ಲ. ಕಾರಣ ರೋಬೋ. 600ನೆಯ ವರ್ಷದಲ್ಲಿ ಮರುಭೂಮಿಯಾದ ಕಾಡನ್ನು ಮತ್ತೆ ಬೆಳೆಸಲು ಈ ಯಂತ್ರಮಾನವ ಫಿಯೋನಾ ಎಂಬ ಹೆಂಗಸಿನ ಜೊತೆ ಉಳಿಯುತ್ತಾನೆ. ನಾಲ್ಕು ನೂರು ವರ್ಷ ದುಡಿಯುತ್ತಾನೆ. ನಾವು ಕಾಲದ ಹಡಗನ್ನು ಏರಿ ಕಣ್ಣು ಮಿಟುಕಿಸುವುದರೊಳಗೆ 1000ಕ್ಕೆ ಬಂದು, ಗುಡಿಯಲ್ಲಿ ಕೂರಿಸಿದ್ದ ಅವನನ್ನು ಎಬ್ಬಿಸಿ ದುರಸ್ತಿ ಮಾಡುತ್ತೇವೆ. ಆ ರಾತ್ರಿ ಕಾಡಿನ ಬೆಂಕಿಯ ಸುತ್ತ ಕುಳಿತು ಗೆಳೆಯರು ಆಡುವ ಮಾತು ಮನಸ್ಸಿನಲ್ಲಿ ನಿಲ್ಲುವಂಥದ್ದು. ಆದರೆ ಕಾದವನು ಅವನು, ನಾನಲ್ಲ. ಈ ಆಟದಲ್ಲಿ ಕಾಲ ಬಾಗಿಲಿನ ಹಾಗೆ ತೆರೆಯುತ್ತದೆ. ಕ್ರೋನೋನ ಗೆಳತಿ ಲೂಕಾ ಹಿಂದಕ್ಕೆ ಹೋಗಿ, ಅಮ್ಮನ ಹೆಸರಿನ ಅಕ್ಷರಗಳನ್ನು ಒತ್ತಿ ಯಂತ್ರವನ್ನು ನಿಲ್ಲಿಸಿದರೆ ಅಮ್ಮನ ಕಾಲು ಉಳಿಯುತ್ತದೆ. ಸತ್ತ ಕ್ರೋನೋನನ್ನೂ ಸಾವಿನ ಆ ಕ್ಷಣದಿಂದ ಎತ್ತಿಕೊಂಡು ಬರಬಹುದು. ಎಲ್ಲವೂ ಸುಂದರ, ಎಲ್ಲವೂ ಸರಿಪಡಿಸಬಹುದಾದದ್ದು.

ಫೈನಲ್ ಫ್ಯಾಂಟಸಿ 6ರಲ್ಲಿ ಹಾಗಲ್ಲ. ಅರ್ಧ ದಾರಿಯಲ್ಲಿ ಖಳನಾಯಕ ಕೆಫ್ಕಾ ಗೆದ್ದೇಬಿಡುತ್ತಾನೆ, ಲೋಕ ಒಡೆದುಹೋಗುತ್ತದೆ. ಒಂದು ವರ್ಷದ ನಂತರ ನಮ್ಮ ತಂಡದ ಸೆಲೆಸ್ ಒಂದು ಒಂಟಿ ದ್ವೀಪದಲ್ಲಿ ಕಣ್ಣು ಬಿಡುತ್ತಾಳೆ. ಅವಳನ್ನು ಕಾಯ್ದಿದ್ದ ಮುದುಕ ಸಿಡ್ ಈಗ ಕಾಯಿಲೆ ಬಿದ್ದಿದ್ದಾನೆ. ಸಮುದ್ರದಂಚಿಗೆ ಹೋಗಿ ಮೀನು ಹಿಡಿದು ತಂದು ತಿನ್ನಿಸಬೇಕು; ಚುರುಕಾಗಿ ಈಜುವ ಮೀನು ಒಳ್ಳೆಯದು, ನಿಧಾನದ್ದು ಕೆಟ್ಟದ್ದು. ಇದನ್ನೂ ಆಟ ಹೇಳುವುದಿಲ್ಲ. ಕೈಗೆ ಸುಲಭವಾಗಿ ಸಿಕ್ಕ ಮೀನನ್ನೇ ತಂದುಕೊಟ್ಟು ಮೊದಲ ಸಲ ನಾನು ಆ ಮುದುಕನನ್ನು ಕೊಂದೆ. ಆಮೇಲೆ ಅವಳು ಬಂಡೆಯ ತುದಿಗೆ ನಡೆಯುವ ದೃಶ್ಯ ಇದೆಯಲ್ಲ, ಇಷ್ಟು ಚಿಕ್ಕ ಬೊಂಬೆಗಳಿಂದ ಅಷ್ಟು ದುಃಖ ಹುಟ್ಟಬಹುದೆಂದು ನಾನು ಎಣಿಸಿರಲಿಲ್ಲ.

ಅಲ್ಲಿಂದ ಮುಂದೆ ಚದುರಿಹೋದವರನ್ನು ಹುಡುಕುವುದೇ ಆಟ. ಒಟ್ಟು 14 ಜನ. ಕೊನೆಯ ಗೋಪುರಕ್ಕೆ ಹೋಗಲು ಸೆಲೆಸ್, ಎಡ್ಗರ್, ಸೆಟ್ಜರ್ ಈ ಮೂವರಿದ್ದರೆ ಸಾಕು. ಉಳಿದವರನ್ನು ಹುಡುಕುವುದು ಬಿಡುವುದು ನಮ್ಮ ಮನಸ್ಸಿಗೆ ಬಿಟ್ಟದ್ದು. ಯಾರೂ ಒತ್ತಾಯಿಸದೆ ನಾನಾಗಿಯೇ ಅವರನ್ನು ಹುಡುಕಿಕೊಂಡು ಹೊರಟದ್ದರಿಂದಲೇ ಅವರು ನನ್ನವರಾದರು. ಆದರೆ ಇಷ್ಟೊಂದು ಜನರ ಕತ್ತಿ, ಕವಚ, ಉಂಗುರಗಳನ್ನು ಹಂಚುವ ಕೆಲಸ ತಲೆನೋವಿನದು. ಕೊನೆಯಲ್ಲಿ ಮೂರು ತಂಡ ಕಟ್ಟಬೇಕಾದಾಗ, ಬಹಳ ದಿನ ಮೂಲೆಯಲ್ಲಿ ಕೂರಿಸಿದ್ದವರು ಬಲವಿಲ್ಲದೆ ಸಾಯುತ್ತಾರೆ. ಇನ್ನೊಂದು ಹಳೆಯ ದೂರೂ ನಿಜವೇ: ಮಂತ್ರದ ಕಲ್ಲುಗಳಿಂದ ಎಲ್ಲರೂ ಎಲ್ಲ ಮಂತ್ರಗಳನ್ನೂ ಕಲಿಯುವುದರಿಂದ, ಆರಂಭದಲ್ಲಿ ಒಬ್ಬೊಬ್ಬರಿಗೂ ಇದ್ದ ಸ್ವಂತ ವರಸೆ ಕೊನೆಗೆ ಮಸುಕಾಗುತ್ತದೆ.

ಸಂಗೀತದ ಬಗ್ಗೆ ಒಂದೇ ಮಾತು. ನೊಬುಒ ಉಎಮಾತ್ಸು ಬರೆದ ಆಪೆರಾ ದೃಶ್ಯದಲ್ಲಿ ಮೂಲ ಯಂತ್ರ ಮನುಷ್ಯದನಿಯನ್ನು ಅನುಕರಿಸಲು ಹೆಣಗಿತ್ತು. ಪಿಕ್ಸೆಲ್ ರೀಮಾಸ್ಟರಿನಲ್ಲಿ ಅದನ್ನು ನಿಜವಾದ ಗಾಯಕರು ಹಾಡುತ್ತಾರೆ. ಎರಡನ್ನೂ ಕೇಳಿದ್ದೇನೆ. ಹಳೆಯದೇ ನನಗೆ ಹೆಚ್ಚು ಮುಟ್ಟುತ್ತದೆ.

ಇನ್ನು ಡ್ರ್ಯಾಗನ್ ಕ್ವೆಸ್ಟ್ 5. ಮೇಲೆ ಹೇಳಿದ ಕಿರಿಕಿರಿಗಳ ಪಟ್ಟಿಯಲ್ಲಿ ಇದೇ ಮೊದಲು ನಿಲ್ಲುತ್ತದೆ, ನನ್ನ ಪ್ರೀತಿಯಲ್ಲಿಯೂ ಇದೇ ಮೊದಲು. ಮೊಬೈಲ್ ಆವೃತ್ತಿಯನ್ನು ಉದ್ದಕ್ಕೆ ಹಿಡಿದು ಒಂದೇ ಹೆಬ್ಬೆರಳಿನಲ್ಲಿ ಆಡಬಹುದಾದ್ದರಿಂದ ಬೆಂಗಳೂರಿನ ಮೆಟ್ರೋದಲ್ಲಿ, ಇನ್ನೊಂದು ಕೈಯಲ್ಲಿ ಹಿಡಿಕೆ ಹಿಡಿದು ನಿಂತುಕೊಂಡೇ ಬಹುಪಾಲು ಆಡಿದೆ. ಸೋಲಿಸಿದ ರಾಕ್ಷಸರಲ್ಲಿ ಕೆಲವರು ಎದ್ದು ಬಂದು ನಮ್ಮ ಜೊತೆ ಸೇರುತ್ತಾರೆ. ಪೋಕೆಮಾನ್ ಬರುವುದಕ್ಕೆ ನಾಲ್ಕು ವರ್ಷ ಮೊದಲೇ ಇದು ಇಲ್ಲಿತ್ತು. ಕೆಲವರು ಸೇರುವ ಸಾಧ್ಯತೆ ತೀರಾ ಕಡಿಮೆ. ಮೂಲ ಆವೃತ್ತಿಯಲ್ಲಿ ಕರಗಿದ ಲೋಹದಂತಿರುವ ಒಂದು ಸ್ಲೈಮ್‌ಗೆ (ಲೋಳೆಯಂಥ ಪುಟ್ಟ ರಾಕ್ಷಸ) ಅದು 256ರಲ್ಲಿ ಒಂದು. ಮೂರು ವಾರ ಅದರ ಹಿಂದೆ ಬಿದ್ದೆ. ಸಿಗಲಿಲ್ಲ. ಆ ಮೂರು ವಾರ ದಂಡವಾಯಿತು ಎಂದೇ ನನ್ನ ಅಭಿಪ್ರಾಯ. ಇಂಥದ್ದನ್ನು ಸಮರ್ಥಿಸಲು ನಾನು ಸಿದ್ಧನಿಲ್ಲ.

ಸಮರ್ಥಿಸುವುದು ಬೇರೆಯದನ್ನು. ಆಟದ ಆರಂಭದಲ್ಲಿ ನಾವು ಆರು ವರ್ಷದ ಹುಡುಗ. ಅಪ್ಪ ಪ್ಯಾಂಕ್ರಾಜ್ ಜೊತೆಗಿರುತ್ತಾನೆ. ನಾವು ಹೇಳದೆಯೇ ಅವನು ಹೋರಾಡುತ್ತಾನೆ. ಕಾಳಗ ಮುಗಿದ ಮೇಲೆ ನಮ್ಮ ಗಾಯವನ್ನು ತಾನಾಗಿಯೇ ವಾಸಿಮಾಡುತ್ತಾನೆ. ಆ ಹೊತ್ತಿನಲ್ಲಿ ದಿಢೀರ್ ಕಾಳಗಗಳು ಒಂದಿಷ್ಟೂ ಬೇಸರ ತರುವುದಿಲ್ಲ, ಏಕೆಂದರೆ ಅಪ್ಪ ಇದ್ದಾನೆ. ಆಮೇಲೆ ಒಂದು ದಿನ ಲಾಜಾ ಎಂಬ ದುಷ್ಟ ಮಾಂತ್ರಿಕ ಹುಡುಗನ ಕುತ್ತಿಗೆಗೆ ಆಯುಧ ಹಿಡಿಯುತ್ತಾನೆ. ಮಗನ ಜೀವಕ್ಕಾಗಿ ಅಪ್ಪ ಕೈ ಎತ್ತದೆ ಏಟು ತಿಂದು ಸಾಯುತ್ತಾನೆ. ಹುಡುಗ ಹತ್ತು ವರ್ಷ ಗುಲಾಮನಾಗಿ ಕಲ್ಲು ಹೊರುತ್ತಾನೆ. ಆ ಮೇಲಿನ ಪ್ರತಿ ಕಾಳಗದಲ್ಲಿ ಗಾಯ ವಾಸಿಮಾಡಲು ನಾನೇ ಗುಂಡಿ ಒತ್ತಬೇಕು. ಅಪ್ಪ ಇಲ್ಲದಿರುವುದನ್ನು ಆಟ ಮಾತಿನಲ್ಲಿ ಹೇಳುವುದಿಲ್ಲ, ಬೆರಳಿಗೆ ತಿಳಿಸುತ್ತದೆ. ದಾರಿಯುದ್ದಕ್ಕೂ ಕಾಡುವ ಆ ಕಾಳಗಗಳಿಲ್ಲದಿದ್ದರೆ ಇದು ಸಾಧ್ಯವೇ ಇರಲಿಲ್ಲ.

ಬೆಳೆದು ದೊಡ್ಡವನಾಗಿ ಮದುವೆಯಾಗಬೇಕು. ಬಾಲ್ಯದ ಗೆಳತಿ ಬಿಯಾಂಕಾಳನ್ನೋ, ಸಿರಿವಂತರ ಮನೆಯ ನೆರಾಳನ್ನೋ? ನಂತರದ ಆವೃತ್ತಿಗಳಲ್ಲಿ ನೆರಾಳ ಅಕ್ಕ ಡೆಬೊರಾಳೂ ಸೇರಿದ್ದಾಳೆ. ನಾನು ಎರಡು ಸಲವೂ ಬಿಯಾಂಕಾಳನ್ನೇ ಆರಿಸಿದೆ. ಅವಳಿ ಮಕ್ಕಳು ಹುಟ್ಟುತ್ತವೆ. ಲಾಜಾ ಮತ್ತೆ ಬಂದು ಗಂಡ ಹೆಂಡತಿ ಇಬ್ಬರನ್ನೂ ಕಲ್ಲಾಗಿಸುತ್ತಾನೆ. ಕಲ್ಲಾದ ನಮ್ಮನ್ನು ಯಾರೋ ಮಾರುತ್ತಾರೆ. ಒಬ್ಬ ಶ್ರೀಮಂತ ತನ್ನ ಮನೆಯಂಗಳದಲ್ಲಿ ಕಾವಲಿನ ವಿಗ್ರಹವಾಗಿ ನಿಲ್ಲಿಸಿಕೊಳ್ಳುತ್ತಾನೆ. ಋತುಗಳು ಉರುಳುತ್ತವೆ. ಅವನ ಕೂಸು ಅಂಬೆಗಾಲಿಡುತ್ತದೆ, ನಡೆಯುತ್ತದೆ. ಒಂದು ದಿನ ರಾಕ್ಷಸರು ಆ ಮಗುವನ್ನು ಹೊತ್ತೊಯ್ಯುತ್ತಾರೆ, ಅಂಗಳದಲ್ಲಿರುವ ನಾವು ಅಲುಗಲಾರೆವು. ಯಾವ ಗುಂಡಿ ಒತ್ತಿದರೂ ಉಪಯೋಗವಿಲ್ಲ. ಎಂಟು ವರ್ಷ. ಕೊನೆಗೆ ನಮ್ಮನ್ನು ಹುಡುಕಿಕೊಂಡು ಬಂದು ಎಬ್ಬಿಸುವವರು, ನಾವು ಬೆಳೆಯುವುದನ್ನೇ ನೋಡದ ನಮ್ಮ ಮಕ್ಕಳು. ಲೋಕವನ್ನು ಉಳಿಸುವ ವೀರನೂ ನಾವಲ್ಲ, ಆ ಮಗ. ಐತಿಹ್ಯದ ಕತ್ತಿ ಅವನ ಕೈಗೆ ಮಾತ್ರ ಒಗ್ಗುತ್ತದೆ.

ಇಲ್ಲಿಯೂ ಒಂದು ಸಲ ಕಾಲದಲ್ಲಿ ಹಿಂದಕ್ಕೆ ಹೋಗಬಹುದು. ಬಾಲ್ಯದ ಹಳ್ಳಿಯಲ್ಲಿ ಪುಟ್ಟ ನಮ್ಮನ್ನೇ ಭೇಟಿಯಾಗಿ ಒಂದು ಚಿನ್ನದ ಗೋಳವನ್ನು ಅದಲುಬದಲು ಮಾಡಬೇಕು. ಮನೆಯೊಳಗೆ ಅಪ್ಪ ಇದ್ದಾನೆ. ಮುಂದೆ ಆಗಲಿರುವುದನ್ನು ಅವನಿಗೆ ಹೇಳಲೂಬಹುದು. ಹೇಳಿದೆ. ಅವನ ದಾರಿ ಬದಲಾಗಲಿಲ್ಲ. ಕ್ರೋನೋ ಟ್ರಿಗರಿನಲ್ಲಿ ಲೂಕಾ ಅಮ್ಮನನ್ನು ಉಳಿಸಿದಾಗ ನನಗೆ ಸಂತೋಷವಾಗಿತ್ತು. ಇಲ್ಲಿ ಗೋಳವನ್ನು ಬದಲಿಸಿ ಹೊರಗೆ ಬಂದು, ನಾನು ಇಳಿಯಬೇಕಾದ ನಿಲ್ದಾಣ ದಾಟಿ ಎರಡು ನಿಲ್ದಾಣ ಹೋಗಿದ್ದರೂ ಗೊತ್ತಾಗಿರಲಿಲ್ಲ.

ಈ ಬಗೆಯ ಆಟವನ್ನು ಒಮ್ಮೆಯೂ ಮುಟ್ಟದವರು ಕ್ರೋನೋದಿಂದ ಶುರು ಮಾಡಲಿ. ತಾಳ್ಮೆಯನ್ನು ಅದು ಬಹಳ ಕೇಳುವುದಿಲ್ಲ. ದೊಡ್ಡ ಬಳಗ, ಸಂಗೀತ, ಸೋಲಿನ ನಂತರದ ಬದುಕು ಬೇಕೆನ್ನುವವರಿಗೆ ಫೈನಲ್ ಫ್ಯಾಂಟಸಿ, ಅದರಲ್ಲಿಯೂ ಪಿಕ್ಸೆಲ್ ರೀಮಾಸ್ಟರ್. ಡ್ರ್ಯಾಗನ್ ಕ್ವೆಸ್ಟನ್ನು ಮಾತ್ರ ಬಿಡುವಿನ ವಾರದಲ್ಲಿ ಮುಗಿಸುವ ಉದ್ದೇಶದಿಂದ ಹಿಡಿಯಬೇಡಿ. ದಿನಕ್ಕೆ ಅರ್ಧ ಗಂಟೆಯಂತೆ ಮೂರು ತಿಂಗಳು ಕೊಡಿ.

ಮಗಳು ಮೊನ್ನೆ ಅದನ್ನು ನನ್ನ ಮೊಬೈಲಿನಲ್ಲಿಯೇ ಶುರು ಮಾಡಿದಳು. ಹಡಗಿನಿಂದ ಇಳಿದು ಹಳ್ಳಿ ತಲುಪಿದ್ದಾಳೆ. "ಈ ಅಪ್ಪ ತುಂಬಾ ಬಲಶಾಲಿ, ನಾನು ಏನೂ ಮಾಡಬೇಕಾಗಿಯೇ ಇಲ್ಲ" ಎಂದಳು. ನಾನು ಸುಮ್ಮನೆ ಹೂಂಗುಟ್ಟಿದೆ.