ಡಚ್‌ನಿಂದ ಸ್ಪ್ಯಾನಿಷ್‌ಗೆ ಅನುವಾದ ಮಾಡಿಸ್ತೀರಾ? ಬರೀ ಸೀಲು ನೋಡಿ ದುಡ್ಡು ಕೊಡಬೇಡಿ

ನೆದರ್ಲ್ಯಾಂಡ್ಸ್ ಬಿಟ್ಟು ಸ್ಪೇನ್‌ಗೆ ಹೊರಟಿರುವವರು ದಯವಿಟ್ಟು ಇದನ್ನು ಓದಿ. ಐಂಡ್‌ಹೋವನ್‌ನಿಂದ ವೆಲೆನ್ಸಿಯಾಕ್ಕೆ ಬಂದಾಗ ನಮ್ಮ ಮಗಳ ಜನನ ಪ್ರಮಾಣಪತ್ರ ಡಚ್‌ನಲ್ಲಿತ್ತು. ಸ್ಪ್ಯಾನಿಷ್‌ಗೆ ಮಾಡಿಸಬೇಕಿತ್ತು, ಸಮಯ ಕಡಿಮೆ ಇತ್ತು. ಆನ್‌ಲೈನ್‌ನಲ್ಲಿ ಸಿಕ್ಕ ಒಂದು ಏಜೆನ್ಸಿ 'ಸರ್ಟಿಫೈಡ್ ಅನುವಾದ, ಎರಡೇ ದಿನ' ಎಂದಿತು. 180 ಯೂರೊ ಮೊದಲೇ ಕಟ್ಟಿಸಿಕೊಂಡರು.

ಹೇಳಿದ ದಿನಕ್ಕೇ ಬಂತು. ಕೆಳಗೆ ದುಂಡನೆಯ ನೀಲಿ ಸೀಲು, ಪಕ್ಕದಲ್ಲಿ ಸಹಿ. ನಮಗೆ ಸ್ಪ್ಯಾನಿಷ್ ಬಾರದು. ಸೀಲು ನೋಡಿ ನಂಬಿದೆವು.

ಅದನ್ನು ಕೊಡಲು ಹೋದ ವೆಲೆನ್ಸಿಯಾದ ಸರ್ಕಾರಿ ಕಚೇರಿಯ ಕೌಂಟರಿನಲ್ಲಿದ್ದ ಮಹಿಳೆ ಮೊದಲು ನೋಡಿದ್ದೇ ಆ ಸೀಲನ್ನು. ಅನುವಾದಕರ ನಂಬರ್ ಎಲ್ಲಿ ಎಂದು ಕೇಳಿದರು. ಇರಲಿಲ್ಲ. ಆಮೇಲೆ ಒಂದು ಸಾಲಿನ ಮೇಲೆ ಬೆರಳಿಟ್ಟರು. ಡಚ್‌ನಲ್ಲಿ ಮನೆತನದ ಹೆಸರಿಗೆ 'ಖೆಸ್ಲಾಖ್ಟ್ಸ್‌ನಾಮ್' ಅನ್ನುತ್ತಾರೆ. 'ಖೆಸ್ಲಾಖ್ಟ್' ಅಂದರೆ ವಂಶ. ಹೆಣ್ಣೋ ಗಂಡೋ ಅನ್ನುವುದಕ್ಕೂ ಅದೇ ಪದ. ನಮ್ಮ ಅನುವಾದದಲ್ಲಿ 'ಲಿಂಗದ ಹೆಸರು' ಅಂತ ಬರೆದು, ಅದರ ಮುಂದೆ ನಮ್ಮ ಮನೆತನದ ಹೆಸರು ಹಾಕಿದ್ದರು! ಯಂತ್ರಕ್ಕೆ ಹಾಕಿ ತೆಗೆದು, ಒಂದು ಸಲವೂ ಓದಿ ನೋಡದೆ ಸೀಲು ಒತ್ತಿದ್ದಾರೆ. ಬೇರೆ ಹೇಗೂ ಹೀಗಾಗಲು ಸಾಧ್ಯವಿಲ್ಲ.

ಅರ್ಜಿ ವಾಪಸ್ ಬಂತು. ಮುಂದಿನ ಅಪಾಯಿಂಟ್‌ಮೆಂಟ್ ಸಿಕ್ಕಿದ್ದು ಐದು ವಾರಕ್ಕೆ. ಏಜೆನ್ಸಿಗೆ ನಾಲ್ಕು ಮೇಲ್ ಹಾಕಿದೆ, ಉತ್ತರವಿಲ್ಲ.

ನಮಗೆ ಗೊತ್ತಿರದಿದ್ದದ್ದು ಇದು: ಸ್ಪೇನ್‌ನಲ್ಲಿ ಸರ್ಕಾರಿ ಕೆಲಸಕ್ಕೆ ಒಪ್ಪುವುದು 'ಟ್ರಾಡುಕ್ಟೊರ್ ಹುರಾಡೊ', ಅಂದರೆ ಪ್ರಮಾಣ ಮಾಡಿದ ಅನುವಾದಕರನ್ನು. ಅಲ್ಲಿನ ವಿದೇಶಾಂಗ ಸಚಿವಾಲಯ ಇವರನ್ನು ನೇಮಿಸುತ್ತದೆ, ಪಟ್ಟಿಯನ್ನೂ ಪ್ರಕಟಿಸುತ್ತದೆ. ಇವರ ಸೀಲಿನಲ್ಲಿ ನಂಬರ್ ಇರುತ್ತದೆ, ಪಟ್ಟಿಗೆ ಹೋಲಿಸಿ ನೋಡಬಹುದು. ನೆದರ್ಲ್ಯಾಂಡ್ಸ್‌ನಲ್ಲೂ ಇಂಥ ಕಾನೂನು 2009ರಿಂದ ಇದೆ. ದುಭಾಷಿಗಳು, ಅನುವಾದಕರ ಅಧಿಕೃತ ರಿಜಿಸ್ಟರ್‌ನಲ್ಲಿ ಯಾರು ಬೇಕಾದರೂ ಸುಮ್ನೆ ಹುಡುಕಬಹುದು, ದುಡ್ಡಿಲ್ಲ. ಯಾವ ಭಾಷೆಯಿಂದ ಯಾವ ಭಾಷೆಗೆ ಅನ್ನುವುದನ್ನು ಮಾತ್ರ ಸರಿಯಾಗಿ ನೋಡಿ. ಸ್ಪ್ಯಾನಿಷ್‌ನಿಂದ ಡಚ್‌ಗೆ ಮಾಡುವವರು ಉಲ್ಟಾ ಮಾಡುತ್ತಾರೆ ಅಂತೇನಿಲ್ಲ.

ಊರಿನಿಂದ ತರುವ ಮದುವೆ ಪ್ರಮಾಣಪತ್ರಕ್ಕೆ ಮೊದಲು ಅಪೋಸ್ಟಿಲ್ (ಬೇರೆ ದೇಶದಲ್ಲಿ ಪತ್ರ ಒಪ್ಪಲೆಂದು ಹಾಕಿಸುವ ಸರ್ಕಾರಿ ದೃಢೀಕರಣ) ಹಾಕಿಸಿ, ಆಮೇಲೆ ಅನುವಾದ. ಹಿಂದುಮುಂದಾದರೆ ಅಪೋಸ್ಟಿಲ್ ಅನುವಾದವಾಗದೆ ಉಳಿದುಬಿಡುತ್ತದೆ.

ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಮಾತ್ರ ಇದಕ್ಕೆ. ಮಗಳ ಪತ್ರಕ್ಕೆ ಅನುವಾದವೇ ಬೇಕಿರಲಿಲ್ಲ! ಹುಟ್ಟಿದ ಊರಿನ ಡಚ್ ನಗರಸಭೆಯಲ್ಲಿ ಕೇಳಿದರೆ ಅಂತರರಾಷ್ಟ್ರೀಯ ಪ್ರತಿ ಕೊಡುತ್ತಾರೆ. ಸ್ಪ್ಯಾನಿಷ್ ಸೇರಿ ಹಲವು ಭಾಷೆಗಳಲ್ಲಿ ಅಚ್ಚಾದ ಒಂದೇ ಹಾಳೆ. ಇಂಥ ಪ್ರತಿಗಳ ಬಗ್ಗೆ ಆದ 1976ರ ವಿಯೆನ್ನಾ ಒಪ್ಪಂದದಲ್ಲಿ ಎರಡೂ ದೇಶಗಳಿವೆ. ಖರ್ಚು ಇಪ್ಪತ್ತು ಯೂರೊ ಒಳಗೆ. ಐದು ವಾರದ ನಂತರ ಅದನ್ನೇ ಕೊಟ್ಟೆವು. ಅದೇ ಮಹಿಳೆ ಒಮ್ಮೆ ಕಣ್ಣಾಡಿಸಿ, ಫೈಲಿಗೆ ಹಾಕಿಕೊಂಡರು.