ಲೈಟ್ ಇರುವ ಭೂತಗನ್ನಡಿ: 12, 20, 28 ಡಯಾಪ್ಟರ್‌ಗಳಲ್ಲಿ ಯಾವುದು?

ಡಬ್ಬಿ ಮೇಲಿನ '30 ಎಕ್ಸ್' (30 ಪಟ್ಟು ದೊಡ್ಡದು) ನೋಡಿ ಮರುಳಾಗಬೇಡಿ, ಡಯಾಪ್ಟರ್, ಅಂದರೆ ಲೆನ್ಸಿನ ಪವರ್, ಎಷ್ಟು ಅಂತ ಕೇಳಿ. ಅದೇ 20 ಡಯಾಪ್ಟರ್ ಲೆನ್ಸನ್ನು ಒಬ್ಬರು ನಾಲ್ಕರಿಂದ ಭಾಗಿಸಿ 5 ಎಕ್ಸ್ ಅನ್ನುತ್ತಾರೆ, ಇನ್ನೊಬ್ಬರು ಅದಕ್ಕೆ ಒಂದು ಸೇರಿಸಿ 6 ಎಕ್ಸ್ ಮಾಡುತ್ತಾರೆ. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ನೀವೇ ಅಳೆಯಬಹುದು. ಕಿಟಕಿಯಾಚೆ ದೂರದಲ್ಲಿರುವ ಮರದ ಬಿಂಬವನ್ನು ಬಿಳಿ ಕಾಗದದ ಮೇಲೆ ಬೀಳಿಸಿ. ಅದು ಸ್ಪಷ್ಟವಾದಾಗ ಲೆನ್ಸಿಗೂ ಕಾಗದಕ್ಕೂ ನಡುವೆ ಎಷ್ಟು ಸೆಂ.ಮೀ. ಇದೆಯೋ ಅದರಿಂದ 100ನ್ನು ಭಾಗಿಸಿ. ಅಂಗೈಯಗಲದ '30 ಎಕ್ಸ್' ಒಂದು 20 ಸೆಂ.ಮೀ. ದೂರದಲ್ಲಿ ಬಿಂಬ ಮೂಡಿಸಿತು, ಅಂದರೆ ಬರೀ 5 ಡಯಾಪ್ಟರ್! ನಿಜವಾದ 30 ಎಕ್ಸ್ ಆಗಿದ್ದರೆ ಕಾಗದಕ್ಕೆ ಒಂದು ಸೆಂ.ಮೀ.ಗಿಂತಲೂ ಹತ್ತಿರ ಹಿಡಿಯಬೇಕಿತ್ತು.

12, 20, 28 ಡಯಾಪ್ಟರಿನ ಮೂರನ್ನೂ ಕನ್ನಡ ದಿನಪತ್ರಿಕೆ, ಮಾತ್ರೆ ಸ್ಟ್ರಿಪ್ ಎರಡರ ಮೇಲೂ ಹಿಡಿದು ನೋಡಿದ್ದಾಯಿತು. 12 ಡಯಾಪ್ಟರಿನದು 60 ಮಿ.ಮೀ. ಅಗಲ, ಕಾಗದದಿಂದ 8 ಸೆಂ.ಮೀ. ಮೇಲೆ ಹಿಡಿಯಬೇಕು. ಕಣ್ಣು 25 ಸೆಂ.ಮೀ. ದೂರವಿದ್ದರೂ ಸಾಲಿನಲ್ಲಿ ಸುಮಾರು 2 ಸೆಂ.ಮೀ. ಕಾಣುತ್ತದೆ. ತಲೆಬರಹ, ಕರೆಂಟ್ ಬಿಲ್ಲಿಗೆ ಸಾಕು. ಆದರೆ ಸುದ್ದಿಯ ಸಣ್ಣಕ್ಷರದಲ್ಲಿ ಮಸಿ ಹರಡಿದ್ದರೆ 'ಷ'ದ ಹೊಟ್ಟೆ ಸೀಳು ಮುಚ್ಚಿಹೋಗಿ 'ಪ'ದಂತೆಯೇ ಕಾಣುತ್ತದೆ. ಒತ್ತಕ್ಷರವಂತೂ ಚುಕ್ಕೆ. ಕನ್ನಡ ಓದುವವರು ಲೆನ್ಸ್ ಆರಿಸಬೇಕಾದ್ದು ಮೇಲಿನ ಅಕ್ಷರ ನೋಡಿ ಅಲ್ಲ, ಕೆಳಗಿನ ಒತ್ತು ನೋಡಿ.

20 ಡಯಾಪ್ಟರಿನಲ್ಲಿ (50 ಮಿ.ಮೀ. ಅಗಲ, 5 ಸೆಂ.ಮೀ. ಎತ್ತರ) ಆ ಸೀಳು ಬಿಡಿಸಿ ಕಾಣಿಸಿತು. ಒಂದೇ ಒಂದು ಕೊಳ್ಳುವುದಾದರೆ ಇದು. ಕಣ್ಣು 25 ಸೆಂ.ಮೀ. ದೂರವಿದ್ದರೆ ಸಿಗುವುದು 1 ಸೆಂ.ಮೀ. ಮಾತ್ರ, 10ಕ್ಕೆ ಬಂದರೆ ಎರಡೂವರೆ. 'ಎರಡಕ್ಷರ ಬಿಟ್ಟು ಏನೂ ಕಾಣಲ್ಲ' ಅನ್ನುವವರ ಮುಖ ಬಹುಪಾಲು ಲೆನ್ಸಿನಿಂದ ದೂರವೇ ಇರುತ್ತದೆ. 28 ಡಯಾಪ್ಟರಿನದು 35 ಮಿ.ಮೀ. ಅಗಲ. ಕಣ್ಣಿಗೆ ಒತ್ತಿಕೊಂಡಂತೆ ಹಿಡಿಯಬೇಕು. ಮಾತ್ರೆ ಹೆಸರಿಗೆ ಸರಿ, ಪತ್ರಿಕೆಗೆ ಕುತ್ತಿಗೆ ನೋವು.

ಲೆನ್ಸನ್ನು ಕಾಗದದ ಮೇಲಿಟ್ಟು ನಿಧಾನಕ್ಕೆ ಎತ್ತಿ, ಅಕ್ಷರ ಮಸುಕಾಗುವ ಮುಂಚೆ ನಿಲ್ಲಿಸಿ. ಆ ದೂರದಲ್ಲಿ ಬೇಕಾದ್ದು ದೂರದ ಕನ್ನಡಕ, ಚಾಳೀಸು ಅಲ್ಲ. ಬೈಫೋಕಲ್ ಇದ್ದರೆ ಮೇಲ್ಭಾಗದಿಂದ ನೋಡಿ. ಕೈ ನಡುಗುವವರಿಗೆ ಮಾತ್ರ ಕಾಗದದ ಮೇಲೆ ಕೂರುವ ಸ್ಟ್ಯಾಂಡ್ ಮಾದರಿಯೇ ವಾಸಿ. ಅದಕ್ಕೆ ಸಾಮಾನ್ಯವಾಗಿ ಓದುವ ಕನ್ನಡಕವೇ ಹೊಂದುತ್ತದೆ.

ಬೆಳಕಿನ ಬಣ್ಣವನ್ನು ಕೊಳ್ಳುವ ಮುಂಚೆ ಓದುವವರಿಗೇ ತೋರಿಸಿ. ಪೊರೆ ಇರುವ ಕಣ್ಣಿಗೆ 6000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಆಸುಪಾಸಿನ ನೀಲಿಬಿಳುಪು ಮಂಜು ಕವಿದಂತಾಗಿ ಚುಚ್ಚಬಹುದು, 2700ರ ಹಳದಿ ಹಿತವೆನಿಸಬಹುದು. ಅಕ್ಷಿಪಟಲದ ನಡುಭಾಗ ಸವೆದವರಿಗೆ ಹೆಚ್ಚು ಬೆಳಕೇ ಬೇಕಾಗುವುದು. ಸ್ಟ್ರಿಪ್ಪಿನ ಫಾಯಿಲ್ ಮೇಲೆ ಎಲ್‌ಇಡಿ ಹೊಳೆದು ಅಕ್ಷರ ನುಂಗಿದರೆ ಹಿಡಿಯನ್ನು ಕಾಲು ಸುತ್ತು ತಿರುಗಿಸಿ. ಅಂಚಿನಲ್ಲಿ ಶಾಯಿಯಿಲ್ಲದೆ ಒತ್ತಿದ ಎಕ್ಸ್‌ಪೈರಿ ತಿಂಗಳಿಗೆ ಲೈಟ್ ಆರಿಸಿ, ಪಕ್ಕದಿಂದ ಕಿಟಕಿ ಬೆಳಕು ಬೀಳಿಸಿ. ನೆರಳಿನಲ್ಲಿ ಅಂಕಿ ಎದ್ದು ಕಾಣುತ್ತದೆ.

ಸೆಲ್ಲು ಪೆನ್ಸಿಲ್ ಸೆಲ್ಲೇ ಇರಲಿ. ಬಟನ್ ಸೆಲ್ ಮುಚ್ಚಳದ ಸ್ಕ್ರೂ ಕಣ್ಣು ಕಾಣದವರ ಕೈಗೆ ಸಿಗುವುದಿಲ್ಲ, ಆ ಸೆಲ್ಲನ್ನು ಮಕ್ಕಳು ನುಂಗಿದರೆ ಪ್ರಾಣಾಪಾಯ. ಪ್ಲಾಸ್ಟಿಕ್ ಲೆನ್ಸನ್ನು ಪಂಚೆಯ ತುದಿಯಲ್ಲಿ ಒರೆಸಿದರೆ ಗೀರು ಬೀಳುತ್ತದೆ. ಸೋಪು ನೀರು ಬೆರಳಲ್ಲಿ ಸವರಿ ತೊಳೆಯಿರಿ, ಸೆಲ್ ಕಡೆಗೆ ನೀರು ಹೋಗದಿರಲಿ. ಓದಿ ಮುಗಿದ ಮೇಲೆ ಬಿಸಿಲು ಬೀಳುವ ಕಿಟಕಿಯಲ್ಲಿ ಬಿಡಬೇಡಿ, ಪತ್ರಿಕೆಗೆ ಬೆಂಕಿ ಹತ್ತೀತು.