3 ವರ್ಷ, 37 ಪಂಕ್ಚರ್: ನನ್ನ ಗೇರ್ ಸೈಕಲ್ಲಿನ ಲೆಕ್ಕ

ಸೈಕಲ್ಲಿನ ಕಂಪನಿ ಹೆಸರು ಹೇಳುವುದಿಲ್ಲ. ಈ ಬೆಲೆಗೆ ಸಿಗುವ ಹೈಬ್ರಿಡ್ (ಡಾಂಬರಿಗೂ ಕಚ್ಚಾ ದಾರಿಗೂ ನಡೆಯುವ) ಸೈಕಲ್ಲುಗಳೆಲ್ಲ ಹೆಚ್ಚೂಕಡಿಮೆ ಅಕ್ಕತಂಗಿಯರೇ; ಒಬ್ಬಳನ್ನೇ ಹಿಡಿದು ಬೈದರೆ ಅನ್ಯಾಯ. 21 ಗೇರು, ಎರಡೂ ಗಾಲಿಗೆ ಡಿಸ್ಕ್ ಬ್ರೇಕು, ಉಳಿದದ್ದನ್ನು ನೀವು ಜಾಹೀರಾತಿನಲ್ಲೇ ಓದಿಕೊಂಡಿರುತ್ತೀರಿ. 2022ರ ಶ್ರಾವಣದಲ್ಲಿ 15,800 ರೂಪಾಯಿ ಕೊಟ್ಟು ತಂದದ್ದು. ಅರ್ಧ ಅಪ್ಪನದು, ಅರ್ಧ ನಾನು ಓಣಿಯ ಹುಡುಗರಿಗೆ ಗಣಿತ ಹೇಳಿಕೊಟ್ಟು ಕೂಡಿಸಿದ್ದು. ಅಪ್ಪನದು ಒಂದೇ ಕರಾರು: "ಡಿಗ್ರಿ ಮುಗಿಯೂತನಕ ಬೈಕಿನ ಮಾತ ಎತ್ತಬಾರ್ದು ನೋಡ." ಎತ್ತಿಲ್ಲ. ಸೈಕಲ್ಲನ್ನು ಮಾತ್ರ ಎತ್ತಿದ್ದೇನೆ, ಹೆಗಲ ಮೇಲೆ, ಬಹಳ ಸಲ.

ಕಾರಣ ಜಾಲಿಮುಳ್ಳು. ವಿಜಯಪುರದಿಂದ ಯಾವ ದಿಕ್ಕಿಗೆ ಹೊರಟರೂ ರಸ್ತೆಯ ಎರಡೂ ಬದಿಗೆ ಬಳ್ಳಾರಿ ಜಾಲಿ. ಅಮೆರಿಕ ಖಂಡದಿಂದ 19ನೇ ಶತಮಾನದಲ್ಲಿ ನಮ್ಮ ದೇಶಕ್ಕೆ ಬಂದ ಗಿಡ ಇದು. ನೀರು ಕೇಳುವುದಿಲ್ಲ, ಆರೈಕೆ ಕೇಳುವುದಿಲ್ಲ. ಆಡು ಕುರಿಗಳು ಅದರ ಕಾಯಿ ತಿಂದು ಹೋದಲ್ಲೆಲ್ಲ ಬೀಜ ಉದುರಿಸುತ್ತವೆ, ಮುಂದಿನ ಮಳೆಗಾಲಕ್ಕೆ ಅಲ್ಲೊಂದು ಕಂಟಿ. ಅಂಗಡಿಯಲ್ಲಿ ನನಗೆ ಗೇರು ತೋರಿಸಿದರು, ಬ್ರೇಕು ತೋರಿಸಿದರು, ಸೀಟು ಎಷ್ಟು ಎತ್ತರ ಇರಬೇಕೆಂದು ಹೇಳಿದರು. ಈ ತೆಳ್ಳನೆಯ ಟೈರು ನಮ್ಮೂರ ಜಾಲಿಯ ಮುಂದೆ ಹಪ್ಪಳ ಅಂತ ಯಾರೂ ಹೇಳಲಿಲ್ಲ. ತಂದ ನಾಲ್ಕನೇ ದಿನವೇ ಮೊದಲ ಪಂಕ್ಚರ್. ಎಂಟನೇತ್ತೆಯಲ್ಲಿ ನನಗೆ ಸರ್ಕಾರದ ಸೈಕಲ್ ಸಿಕ್ಕಿತ್ತು, ಭಾರ ಅಂದರೆ ಭಾರ, ಅದಕ್ಕೂ ಮುಳ್ಳು ನೆಡುತ್ತಿತ್ತು. ಆದರೆ ತಿಂಗಳಿಗೆ ಒಂದೂವರೆ ಸಲ ಅಲ್ಲ.

ಜಾಲಿಮುಳ್ಳಿನ ಕಪಟ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮೊಳೆ ಚುಚ್ಚಿದರೆ ಗಾಳಿ ಆಗಲೇ ಹೋಗುತ್ತದೆ, ಲೆಕ್ಕ ಅಲ್ಲಿಗೇ ಮುಗಿಯಿತು. ಮುಳ್ಳು ಹಾಗಲ್ಲ. ತುದಿ ಟೈರಿನೊಳಗೆ ಮುರಿದು ಕೂರುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ರಾತ್ರಿ ಗಟ್ಟಿ ಇದ್ದ ಗಾಲಿ ಬೆಳಿಗ್ಗೆ ಮೆತ್ತಗೆ. ಟ್ಯೂಬಿಗೆ ಪಟ್ಟಿ ಹಾಕಿ ಏರಿಸಿದರೆ ಅದೇ ತುದಿ ಮರುದಿನ ಪಕ್ಕದಲ್ಲಿ ಇನ್ನೊಂದು ತೂತು ಮಾಡಿರುತ್ತದೆ. ಮೊದಲ ಒಂಬತ್ತು ಪಂಕ್ಚರ್ ಅಂಗಡಿಯಲ್ಲಿ ಹಾಕಿಸಿದೆ. ಅದರಲ್ಲಿ ಮೂರು ಒಂದೇ ಮುಳ್ಳಿನವು ಎಂದು ಆಮೇಲೆ ತಿಳಿಯಿತು. ಅಲ್ಲಿಂದ ಮನೆಯಲ್ಲೇ ಶುರು ಮಾಡಿದೆ.

ಈಗ ಅದು ನನ್ನ ಕೈಗೆ ಒಗ್ಗಿದ ಕೆಲಸ. ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸುವುದು, ಗಾಲಿ ಬಿಚ್ಚುವುದು, ಟೈರಿನ ಅಂಚನ್ನು ಹಳೆಯ ಚಮಚೆಯ ಹಿಡಿಯಿಂದ ಎಬ್ಬಿಸುವುದು. ಟ್ಯೂಬಿಗೆ ಗಾಳಿ ತುಂಬಿ ನೀರಿನಲ್ಲಿ ಅದ್ದಿ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಹೋದರೆ ಸಾಸಿವೆಯಷ್ಟು ಗುಳ್ಳೆಗಳ ಸಾಲು ಏಳುತ್ತದೆ. (ಮೊದಲ ಸಲ ಅವ್ವ ಅಕ್ಕಿ ತೊಳೆಯುವ ಬೋಗುಣಿ ಬಳಸಿ ಬೈಸಿಕೊಂಡೆ. ಈಗ ನನ್ನದೇ ಒಂದು ಬಕೆಟ್ ಇದೆ.) ಉಸುಕಿನ ಕಾಗದದಿಂದ ತಿಕ್ಕಿ, ಸೊಲ್ಯೂಷನ್ ಸವರಿ, ಊದಿ ಊದಿ ಅಂಟು ಬರುವ ತನಕ ಕಾದು ಪಟ್ಟಿ ಒತ್ತುವುದು. ನಿಜವಾದ ಕೆಲಸ ಅದಾದ ಮೇಲೆ. ಕಣ್ಣು ಮುಚ್ಚಿ ಟೈರಿನ ಒಳಮೈಯನ್ನು ಬೆರಳ ತುದಿಯಿಂದ ಸವರುತ್ತ ಹೋಗಬೇಕು. ಎಲ್ಲೋ ಒಂದು ಕಡೆ ಚುರ್ ಅನ್ನುತ್ತದೆ. ಸಿಕ್ಕಿತು! ನೇಲ್ ಕಟರಿನಿಂದ ಕಚ್ಚಿ ಎಳೆದರೆ ಎಳ್ಳಿನಷ್ಟು ಕಪ್ಪು ತುದಿ. ಅದನ್ನು ಅಂಗೈಯಲ್ಲಿಟ್ಟು ನೋಡಿದಾಗ ಆಗುವ ಸಮಾಧಾನ ಪರೀಕ್ಷೆಯ ಫಲಿತಾಂಶ ನೋಡಿದಾಗಲೂ ಆಗಿಲ್ಲ. ನನ್ನ ಫಲಿತಾಂಶಗಳೂ ಅಂಥವೇ ಅನ್ನಿ.

ಒಂದೊಂದು ಪಂಕ್ಚರಿಗೂ ಮೆಟ್ಟಿಲ ಕೆಳಗಿನ ಗೋಡೆಯ ಮೇಲೆ ಪೆನ್ಸಿಲಿನ ಗೀಟು ಎಳೆಯುತ್ತಿದ್ದೆ. ಮೊದಲ ವರ್ಷ ದೀಪಾವಳಿಗೆ ಸುಣ್ಣ ಹೊಡೆಯುವಾಗ ಅವ್ವ ಒರೆಸಿಬಿಟ್ಟು, "ನಿನ್ನ ಲೆಕ್ಕಾ ಕಡಿಮಿ ಮಾಡೀನಿ ನೋಡ, ಪುಣ್ಯಾ ಬಂತು" ಅಂದಳು. ಪುಣ್ಯಕ್ಕೆ ಫೋನಿನಲ್ಲಿ ಫೋಟೋ ಇತ್ತು.

ಬೇಸಿಗೆಯಲ್ಲಿ ಇದಕ್ಕೊಂದು ಉಪಕಥೆ ಬೇರೆ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಗಟ್ಟಿ ಗಾಳಿ ಹೊಡೆದು ಕಾಲೇಜಿನ ಅಂಗಳದಲ್ಲಿ ನಿಲ್ಲಿಸಿ ಹೋಗಿದ್ದೆ. ಕ್ಲಾಸಿನಲ್ಲಿ ಕೂತಿರುವಾಗ ಹೊರಗೆ ಢಬ್ ಎಂದಿತು. ಎಲ್ಲರೂ ಕಿಟಕಿಯ ಕಡೆ ನೋಡಿದರು, ನಾನು ನೋಡಲಿಲ್ಲ. ಗೊತ್ತಿತ್ತು. ಅಂದಿನಿಂದ ಬೇಸಿಗೆಯಲ್ಲಿ ಗಾಳಿ ಒಂದಿಷ್ಟು ಕಡಿಮೆ, ನೆರಳು ಸಿಗದಿದ್ದರೆ ಮೇಲೊಂದು ಗೋಣಿಚೀಲ.

ಗೇರಿನ ಬಗ್ಗೆ ಎಲ್ಲರೂ ಕೇಳುವ ಪ್ರಶ್ನೆ: "ಈ ಸಪಾಟ್ ಊರಾಗ 21 ಗೇರ್ ಯಾಕ ಬೇಕೋ?" ನಾನೂ ಹಾಗೇ ಅಂದುಕೊಂಡಿದ್ದೆ, ಮೊದಲ ಆಷಾಢ ಬರುವ ತನಕ. ನಮ್ಮಲ್ಲಿ ಏರಿ ಇಲ್ಲ, ಗಾಳಿ ಇದೆ. ಜೂನ್‌ನಿಂದ ಪಡುವಣ ಗಾಳಿ ಹೊಡೆಯತೊಡಗಿದರೆ ಅದೇ ಒಂದು ಘಟ್ಟ ಹತ್ತಿದ ಹಾಗೆ. ಭಾನುವಾರ ಬೆಳಿಗ್ಗೆ ಐದೂವರೆಗೆ ಮನಗೂಳಿ ಅಗಸಿಯಿಂದ ಹೊರಟು, ಊರು ಹಾದು, ಇಬ್ರಾಹಿಂ ರೋಜಾದ ಮಿನಾರುಗಳು ಮಬ್ಬಿನಲ್ಲಿ ಕಾಣುವ ಹೊತ್ತಿಗೆ ಅಥಣಿ ರಸ್ತೆ ಹಿಡಿದು ತೊರವಿಗೆ ಹೋಗಿಬರುವುದು ನನ್ನ ಮೋಜು. ಆಷಾಢದಲ್ಲಿ ಆ ದಾರಿಯಲ್ಲಿ ಎದೆಯ ಮೇಲೆ ಯಾರೋ ಕೈಯಿಟ್ಟು ಹಿಂದಕ್ಕೆ ತಳ್ಳಿದಂತಾಗುತ್ತದೆ. ಆಗ ಚೈನನ್ನು ಮುಂದಿನ ಸಣ್ಣ ಹಲ್ಲುಚಕ್ರಕ್ಕೆ ಇಳಿಸಿದರೆ ಮಾತ್ರ ಬದುಕು. ಗಾಳಿಯಿಲ್ಲದ ದಿನವೂ ಹೋಗುವಾಗ ತೊಡೆ ಯಾಕೆ ನೋಯುತ್ತದೆ ಎಂದು ಬಹಳ ದಿನ ತಿಳಿದಿರಲಿಲ್ಲ. ಆದಿಲ್‌ಶಾಹಿ ಕಾಲದಲ್ಲಿ ತೊರವಿ ಕಡೆಯಿಂದ ಸುರಂಗದೊಳಗೆ ನೀರು ತಾನಾಗಿ ಊರಿಗೆ ಹರಿದುಬರುತ್ತಿತ್ತು ಎಂದು ಶಾಲೆಯಲ್ಲಿ ಓದಿದ್ದು ಒಂದು ದಿನ ನಡುದಾರಿಯಲ್ಲಿ ನೆನಪಾಯಿತು. ನೀರು ಈ ಕಡೆ ಇಳಿಯಿತು ಅಂದರೆ ನಾನು ಆ ಕಡೆ ಏರುತ್ತಿದ್ದೇನೆ! ಕಣ್ಣಿಗೆ ಕಾಣದ ಏರಿ. ಬರುವಾಗ ಇಳಿಜಾರು, ಬೆನ್ನಿಗೆ ಗಾಳಿ, ಹೊಟ್ಟೆಯಲ್ಲಿ ಸೂಸ್ಲಾ ಮತ್ತು ಬಿಸಿ ಮಿರ್ಚಿ. ಪೆಡಲು ತುಳಿಯುವುದೇ ಬೇಡ.

ಹಾಗಂತ 21 ಗೇರೂ ಬಳಸುತ್ತೇನೆ ಅಂತಲ್ಲ. ಐದು. ಉಳಿದ ಹದಿನಾರಕ್ಕೂ ದುಡ್ಡು ಕೊಟ್ಟಿದ್ದೇನೆ. ಡಿಸ್ಕ್ ಬ್ರೇಕು ಎರಡನೇ ಮಳೆಗಾಲದಿಂದ ಚಿರ್ ಚಿರ್ ಅನ್ನುತ್ತಿದೆ, ಸರಿ ಮಾಡಿಸಿದರೆ ಹದಿನೈದು ದಿನ ಸುಮ್ಮನಿರುತ್ತದೆ. ವೇಗದ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಸೋಲಾಪುರ ರಸ್ತೆಯಲ್ಲಿ ಬೆಳಿಗ್ಗೆ ಪ್ರ್ಯಾಕ್ಟೀಸಿಗೆ ಬರುವ ಮಕ್ಕಳಿದ್ದಾರಲ್ಲ, ನಮ್ಮ ಜಿಲ್ಲೆ ಮತ್ತು ಬಾಗಲಕೋಟೆ ಸೈಕ್ಲಿಂಗಿನಲ್ಲಿ ರಾಷ್ಟ್ರಮಟ್ಟದ ಪದಕ ತರುವ ಸೀಮೆ, ಅವರಲ್ಲಿ ಹದಿನಾಲ್ಕರ ಒಬ್ಬ ಹುಡುಗಿ ನನ್ನನ್ನು ದಾಟಿ ಹೋಗುವಾಗ "ಅಣ್ಣಾ, ಸೈಡ್" ಅಂದಳು. ಅಷ್ಟೇ. ಸೈಡಿಗೆ ಸರಿದೆ.

ಎರಿ ಮಣ್ಣಿನ ದಾರಿಗೆ ಮಳೆ ಬಿದ್ದ ಮೇಲೆ ಇಳಿಯಬೇಡಿ. ಮಡ್‌ಗಾರ್ಡಿನೊಳಗೆ ಮಣ್ಣು ಮೆತ್ತಿಕೊಂಡು ಗಾಲಿ ತಿರುಗುವುದೇ ಇಲ್ಲ. ಕಡ್ಡಿಯಿಂದ ಕೆರೆದು ಹತ್ತು ಹೆಜ್ಜೆ ನಡೆದರೆ ಮತ್ತೆ ಅಷ್ಟೇ.

ಮತ್ತೆ ಮುಳ್ಳಿಗೆ ಬರುತ್ತೇನೆ. ಸುಗ್ಗಿಯ ಕಾಲಕ್ಕೆ, ಅಂದರೆ ಫೆಬ್ರವರಿ-ಮಾರ್ಚಿನಲ್ಲಿ, ನನ್ನ ಗೋಡೆಯ ಗೀಟುಗಳು ಒತ್ತೊತ್ತಾಗಿ ಬೀಳುತ್ತಿದ್ದವು. ರೈತರು ಬಣವಿಗೆ, ಹೊಲಕ್ಕೆ ಹೊಸ ಬೇಲಿ ಹಾಕುವ ಸಮಯ. ಜಾಲಿ ಕಡಿದು ರಸ್ತೆಯ ಮೇಲೆ ಎಳೆದುಕೊಂಡು ಹೋಗುತ್ತಾರೆ, ದಾರಿಯುದ್ದ ಮುಳ್ಳು. ಅವರನ್ನು ನಾನು ಮನಸ್ಸಿನಲ್ಲೇ ಬೈದದ್ದಕ್ಕೆ ಲೆಕ್ಕವಿಲ್ಲ. 2024ರಲ್ಲಿ ತಿಕೋಟಾ ಕಡೆಯ ನಮ್ಮ ಮಾಮಾನ ಊರಿಗೆ ಹೋಗಿದ್ದೆ. ಬಣವಿಗೆ ಬೇಲಿ ಹಾಕಬೇಕಿತ್ತು. ಮಾಮಾ ಕಡಿದ, ನಾನು ಎಳೆದೆ. ಹಗ್ಗ ಕಟ್ಟಿ, ಹಳ್ಳದಿಂದ ಮನೆಯ ತನಕ, ಡಾಂಬರು ರಸ್ತೆಯ ಮೇಲೇ, ಹನ್ನೊಂದು ಸಲ. ಸಂಜೆ ಊರಿಗೆ ಹೊರಟು ಸೈಕಲ್ ಹತ್ತಿ ಇನ್ನೂರು ಮೀಟರ್ ದಾಟಿರಲಿಲ್ಲ, ಎರಡೂ ಗಾಲಿ ಹೋದವು. ಒಂದೇ ದಿನಕ್ಕೆ ಎರಡು ಗೀಟು. ಮಾಮಾ ನಕ್ಕು ನಕ್ಕು ಕಟ್ಟೆಯ ಮೇಲೆ ಕೂತುಬಿಟ್ಟ. "ಯಾರೋ ಅಳಿಯಾ ಮುಳ್ಳ ಚೆಲ್ಲಿದವ್ರು?"

ಮರುದಿನ ಕಸಬರಿಗೆ ಹಿಡಿದು ಹಳ್ಳದ ತನಕ ಗುಡಿಸಿದೆ. ಆವತ್ತಿನಿಂದ ರಸ್ತೆಯ ಮೇಲೆ ಟೊಂಗೆ ಬಿದ್ದಿದ್ದರೆ ಇಳಿದು ಬದಿಗೆ ಎಸೆದೇ ಮುಂದೆ ಹೋಗುತ್ತೇನೆ. ಫೋನಿನ ಆ್ಯಪು ನನ್ನ ಸರಾಸರಿ ವೇಗ ತೋರಿಸಿ ಅಣಕಿಸುತ್ತದೆ, ಅಣಕಿಸಲಿ. ಬೈಯುವುದಂತೂ ನಿಂತಿದೆ.

ಪರಿಹಾರ ಕೊಟ್ಟವಳು ಆಯಿ, ನಮ್ಮ ಅಜ್ಜಿ. ಅಂದು ರಾತ್ರಿ ಎರಡೂ ಟ್ಯೂಬು ಬಿಚ್ಚಿಕೊಂಡು ಕೂತಿದ್ದಾಗ ಅಡಕಿ ಕತ್ತರಿಸುತ್ತ ಕೇಳಿದಳು: "ನಾವು ಟಾಯರಿನ ಚಪ್ಪಲಿ ಹಾಕ್ಕೊಂಡು ಹೊಲಕ್ಕ ಹೋಗತಿದ್ವಿ ತಮ್ಮಾ. ಎಂಥಾ ಮುಳ್ಳಿದ್ದರೂ ಕಾಲಿಗೆ ತಾಕತಿರಲಿಲ್ಲ. ನಿನ್ನ ಸೈಕಲ್ಲಿಗೆ ಚಪ್ಪಲಿ ಇಲ್ಲೇನು?" ಟೈರೇ ಅದರ ಚಪ್ಪಲಿ ಆಯಿ, ಅಂದೆ. "ಹಂಗಾರ ಇನ್ನೊಂದು ಹಾಕು." ನಾನು ನಕ್ಕು ಮರೆತೆ. ಜೂನಿನಲ್ಲಿ ಪಂಕ್ಚರ್ ಅಂಗಡಿಯ ಕಾಕಾನ ಮುಂದೆ ಇದನ್ನು ಜೋಕಿನಂತೆ ಹೇಳಿದರೆ ಅವರು ನಗಲಿಲ್ಲ. ಒಳಗೆ ಹೋಗಿ ಬೈಕಿನ ಎರಡು ಹಳೆಯ ಟ್ಯೂಬು ತಂದರು. ವಾಲ್ವಿನ ಭಾಗ ಕತ್ತರಿಸಿ ತೆಗೆದು, ಉದ್ದಕ್ಕೆ ಸೀಳಿ, ಪಟ್ಟಿ ಮಾಡಿ ಟೈರಿಗೂ ಟ್ಯೂಬಿಗೂ ನಡುವೆ ಹಾಸುವುದು. ತಿಕ್ಕಾಡದಂತೆ ನಡುವೆ ಪೌಡರು. ಪೌಡರಿಗೆ ತಂಗಿಯ ಡಬ್ಬಿ ಅರ್ಧ ಖಾಲಿಯಾಯಿತು, ಆ ಜಗಳ ಇನ್ನೂ ಮುಗಿದಿಲ್ಲ.

ಗಾಲಿ ಭಾರವಾಗಿದೆ, ಸುಳ್ಳು ಹೇಳುವುದಿಲ್ಲ. ಹೊಟ್ಟೆ ತುಂಬ ಉಂಡು ಓಡಿದ ಹಾಗೆ. ಆದರೆ ಮೊದಲ 22 ತಿಂಗಳಿಗೆ 32 ಪಂಕ್ಚರ್, ಆಮೇಲಿನ 14 ತಿಂಗಳಿಗೆ ಐದು. ಖರ್ಚು 40 ರೂಪಾಯಿ ಮತ್ತು ಒಂದು ಪೌಡರ್ ಡಬ್ಬಿ.

ನಾನು ಕನಸಿನಲ್ಲೂ ನೆನೆಸದ ಖುಷಿ ಮಾತ್ರ ಕ್ಯಾರಿಯರಿನಿಂದ ಬಂತು. ಈ ಸೈಕಲ್ಲಿಗೆ ಕ್ಯಾರಿಯರ್ ಕೊಡುವುದಿಲ್ಲ. ಮನೆಗೆ ತಂದ ದಿನ ಅವ್ವ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇಷ್ಟ ರೊಕ್ಕಾ ಕೊಟ್ಟು ಹಿಂದ ಏನೂ ಇಲ್ಲದ ಸೈಕಲ್ ತಂದೀಯಲ್ಲೋ, ಗಿರಣಿಗೆ ಜ್ವಾಳ ಯಾವುದರ ಮ್ಯಾಲ ಒಯ್ಯೂದು?" ಅಂದಿದ್ದಳು. ಗೆಳೆಯರ ಮುಂದೆ ಮರ್ಯಾದೆ ಹೋಗುತ್ತದೆಂದು ಎಂಟು ತಿಂಗಳು ಹಾಕಿಸಲಿಲ್ಲ. ಅಪ್ಪ ಏನೂ ಹೇಳಲಿಲ್ಲ, ಪ್ರತಿ ಸಲ ತಾನೇ ಚೀಲ ಹೆಗಲ ಮೇಲಿಟ್ಟುಕೊಂಡು ಗಿರಣಿಗೆ ನಡೆದು ಹೋಗುತ್ತಿದ್ದ. ಒಮ್ಮೆ ನಾನು ತೊರವಿಯಿಂದ ಬೆವರುತ್ತ ಬರುವಾಗ ಓಣಿಯ ತಿರುವಿನಲ್ಲಿ ಅವನೂ ಬೆವರುತ್ತ ಎದುರಾದ. ನಾನು ಮೋಜಿಗೆ ಬೆವರಿದ್ದು, ಅವನು ರೊಟ್ಟಿಗೆ. ಸಂಜೆಯೇ 450 ರೂಪಾಯಿ ಕೊಟ್ಟು ಕ್ಯಾರಿಯರ್ ಹಾಕಿಸಿದೆ. ಹಿಂದಿನ ಡಿಸ್ಕಿಗೆ ತಾಕುತ್ತದೆಂದು ಕಾಕಾ ಒಂದು ಕಾಲನ್ನು ಬಗ್ಗಿಸಿ ಕೂರಿಸಬೇಕಾಯಿತು, ನೋಡಲು ಚೂರು ಸೊಟ್ಟ.

ಈಗ ವಾರಕ್ಕೊಮ್ಮೆ ಹತ್ತು ಕಿಲೋ ಮಾಲದಂಡಿ ಜೋಳ ನನ್ನ ಪಾಲಿನ ಕೆಲಸ. ಚೀಲವನ್ನು ಹಳೆಯ ಟ್ಯೂಬಿನಿಂದಲೇ ಬಿಗಿಯುತ್ತೇನೆ (ನಮ್ಮ ಮನೆಯಲ್ಲಿ ಹಳೆಯ ಟ್ಯೂಬಿಗೆ ಬರವಿಲ್ಲ). ಗಿರಣಿಯಲ್ಲಿ ಪಾಳಿಗೆ ಚೀಲಗಳ ಸಾಲು, ಬೆಲ್ಟಿನ ಪಟಪಟ, ಮಾತಾಡಿದರೆ ಬಾಯೊಳಗೆ ಹಿಟ್ಟು. ಬೀಸಿದ ಹಿಟ್ಟು ಬಿಸಿ ಇರುತ್ತದೆ. ಚೀಲ ಕಟ್ಟಿ ಹೊರಟರೆ ಸೀಟಿನ ಹಿಂದೆ ಆ ಶಾಖ ಸೊಂಟಕ್ಕೆ ತಾಕುತ್ತ ಬರುತ್ತದೆ. ಡಿಸೆಂಬರಿನ ಸಂಜೆ ಥಂಡಿಯಲ್ಲಿ ಅದರ ಸುಖ ಅನುಭವಿಸಿದವರಿಗೇ ಗೊತ್ತು. ಹುಡುಗರು ಜಾಕೆಟ್ಟಿಗೆ ಎರಡು ಸಾವಿರ ಸುರಿಯುತ್ತಾರೆ. ಗಿರಣಿಯಿಂದ ಮನೆ ಒಂದು ಕಿಲೋಮೀಟರೂ ಇಲ್ಲ, ನಾನು ಬಾರಾಕಮಾನ್ ಸುತ್ತು ಹಾಕಿಕೊಂಡೇ ಬರುತ್ತೇನೆ. ತಡವಾದದ್ದು ಯಾಕೆಂದು ಅವ್ವ ಕೇಳಿದರೆ ಪಾಳಿ ಬಹಳ ಇತ್ತು ಅನ್ನುತ್ತೇನೆ. ಹಿಟ್ಟು ಉದುರಿ ಚೈನಿನ ಎಣ್ಣೆಗೆ ಮೆತ್ತಿ ಕಣಕದಂತಾಗುತ್ತದೆ, ತಿಂಗಳಿಗೊಮ್ಮೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಬೇಕು. ತಿಕ್ಕುತ್ತೇನೆ.

ಕೊಳ್ಳಬೇಕೇ ಎಂದು ಕೇಳುವವರಿಗೆ: ಬೆಂಗಳೂರಿನವರು ಬೇರೆ ಯಾರನ್ನಾದರೂ ಕೇಳಿ. ನಮ್ಮ ಕಡೆಯವರಾದರೆ 21 ಗೇರಿನ ಬದಲು ಏಳು ಗೇರಿನದು ನೋಡಿ, ಉಳಿದ ದುಡ್ಡಿನಲ್ಲಿ ದಪ್ಪ ಟೈರು, ಪಂಪು, ಕ್ಯಾರಿಯರ್. ನನಗೆ ಮತ್ತೆ 15,800 ಸಿಕ್ಕರೆ ಇದನ್ನೇ ತರುತ್ತೇನೋ ಇಲ್ಲವೋ ಗೊತ್ತಿಲ್ಲ. ತಂಗಿ ಪಿಯುಸಿಗೆ ಇದನ್ನೇ ಕೊಡು ಅನ್ನುತ್ತಿದ್ದಾಳೆ, ಸೀಟು ಇಳಿಸಿ ಕೊಟ್ಟರೆ ಬಾರಾಕಮಾನ್ ತನಕ ನನಗಿಂತ ಜೋರಾಗಿ ಹೋಗುತ್ತಾಳೆ. ಪೌಡರಿನ ಬಾಕಿ ಅಲ್ಲಿಗೆ ಚುಕ್ತಾ ಅಂತೆ.

ಇಂದು ಬೆಳಿಗ್ಗೆ ಹಿಂದಿನ ಗಾಲಿ ಒತ್ತಿ ನೋಡಿದರೆ ತುಸು ಮೆತ್ತಗಿತ್ತು. ವಾಲ್ವು ಸಡಿಲಾಗಿದ್ದರೂ ಇರಬಹುದು. ಗಾಳಿ ಹೊಡೆದು ನಿಲ್ಲಿಸಿದ್ದೇನೆ. ಸಂಜೆ ಗಿರಣಿಗೆ ಹೋಗುವ ಹೊತ್ತಿಗೆ ಗೊತ್ತಾಗುತ್ತದೆ, 37ಓ 38ಓ.